ಪೇಟೆಯ ಮೀನಿಗೂ ಬ್ಯಾಕ್ಟೀರಿಯಾ ಪರೀಕ್ಷೆ ಬೇಕು: ಮೀನುಗಾರಿಕಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಮತ್ತು ಬಂದರು ಸಚಿವರಿಗೆ, ಕಾರವಾರದಿಂದ ನಮಸ್ಕಾರಗಳು.

ವಿದೇಶಕ್ಕೆ ಹೋಗುವ ಸೀಗಡಿಯಲ್ಲಿ ಸಾಲ್ಮೊನೆಲ್ಲಾ, ವಿಬ್ರಿಯೊದಂತಹ ರೋಗಕಾರಕ ಬ್ಯಾಕ್ಟೀರಿಯಾಗಳಿವೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವ್ಯವಸ್ಥೆ ನಮ್ಮ ದೇಶದಲ್ಲಿದೆ. ಅದೇ ಕಡಲಿನಿಂದ ಬಂದು ಕಾರವಾರ, ಅಂಕೋಲಾ, ಕುಮಟಾದ ಪೇಟೆಗಳಲ್ಲಿ ಮಾರಾಟವಾಗುವ ಸೀಗಡಿಗೂ, ಕಾಳಿ ಮತ್ತು ಅಘನಾಶಿನಿ ಅಳಿವೆಗಳಲ್ಲಿ ಸಿಗುವ ಚಿಪ್ಪುಜೀವಿಯಾದ ಬಳಚಿಗೂ ಅಷ್ಟೇ ನಿಯಮಿತವಾದ ಪರೀಕ್ಷೆ ದೊರೆಯಬೇಕೆಂಬುದು ನನ್ನ ಕೋರಿಕೆ. 25 ಗ್ರಾಂ ಮೀನಿನಲ್ಲಿ ಸಾಲ್ಮೊನೆಲ್ಲಾ ಇರಕೂಡದೆಂಬ ಮಾನದಂಡ ದೇಶದೊಳಗಿನ ಮಾರಾಟಕ್ಕೂ ಇದೆ. ಆದರೆ ಮಾದರಿ ತೆಗೆಯದೆ ಯಾವ ಮಾನದಂಡವೂ ಜನರನ್ನು ಕಾಯಲಾರದು.

ಬಳಚಿನ ಬಗ್ಗೆ ನನಗೆ ಹೆಚ್ಚಿನ ಕಾಳಜಿ. ಅದು ಅಳಿವೆಯ ನೀರನ್ನು ಸೋಸಿ ಬದುಕುವ ಜೀವಿಯಾದ್ದರಿಂದ, ಊರಿನ ಕೊಳಚೆ ನದಿ ಸೇರಿದರೆ ಅದರೊಂದಿಗೆ ಬರುವ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಬಳಚಿನ ಒಡಲಲ್ಲಿ ಶೇಖರವಾಗುತ್ತದೆ. ಬಂಗುಡೆಯ ಕಿವಿರು ಎತ್ತಿ, ಮೈಯನ್ನು ಬೆರಳಿನಿಂದ ಒತ್ತಿ ತಾಜಾತನ ಹೇಳಬಲ್ಲ ನಮ್ಮ ಮೀನುಗಾರ ಮಹಿಳೆಯರ ಅನುಭವಕ್ಕೂ ರೋಗಾಣು ಸಿಕ್ಕುವುದಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಕಾಗದದ ಪಟ್ಟಿ ಉಪಯುಕ್ತವೇ, ಆದರೆ ಅದು ಪತ್ತೆ ಹಚ್ಚುವುದು ಮೀನು ಕೆಡದಂತೆ ಬೆರೆಸುವ ಫಾರ್ಮಾಲಿನ್ ಮತ್ತು ಅಮೋನಿಯಾ ಎಂಬ ರಾಸಾಯನಿಕಗಳನ್ನು, ಬ್ಯಾಕ್ಟೀರಿಯಾವನ್ನಲ್ಲ.

ಪರೀಕ್ಷೆ ಎಂದರೆ ಯಾವ ಪರೀಕ್ಷೆ ಎಂಬುದೂ ಮುಖ್ಯ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದು 272 ಮಂದಿ ಅಸ್ವಸ್ಥರಾಗಿ, 20 ಮಂದಿ ಮೃತಪಟ್ಟಾಗ ಪತ್ತೆಯಾದ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್, ಬೆಚ್ಚಗಿನ ಕಡಲ ನೀರಿನಲ್ಲಿ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾ. ಪ್ರಯೋಗಾಲಯದಲ್ಲಿ ವಿಬ್ರಿಯೊಗಳನ್ನು ಬೆಳೆಸುವ ಟಿಸಿಬಿಎಸ್ ಮಾಧ್ಯಮದ ಮೇಲೆ ಅದರ ಹಸಿರು ಚುಕ್ಕೆಗಳು ಎದ್ದ ಮಾತ್ರಕ್ಕೆ ಮೀನು ವಿಷವಾಯಿತೆಂದು ಸಾರಿದರೆ, ಬುಟ್ಟಿ ಹೊತ್ತು ಬದುಕುವ ಕುಟುಂಬಗಳಿಗೆ ಅನ್ಯಾಯವಾಗುತ್ತದೆ. ರೋಗ ತರುವ ತಳಿಗಳಲ್ಲಿ ಸಾಮಾನ್ಯವಾಗಿ ಟಿಡಿಎಚ್ ಅಥವಾ ಟಿಆರ್‌ಎಚ್ ಎಂಬ ಜೀನ್‌ಗಳಿರುತ್ತವೆ. ಅವನ್ನು ಹುಡುಕುವುದಕ್ಕೆ ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಪಿಸಿಆರ್ ಪರೀಕ್ಷೆ ಬೇಕು. ಈ ಕೆಲಸದಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳಿಗೆ ದೀರ್ಘ ಅನುಭವವಿದೆ.

ಬ್ಯಾಕ್ಟೀರಿಯಾವನ್ನು ಬೆಳೆಸಿ ಖಚಿತಪಡಿಸಿಕೊಳ್ಳಲು ಹಲವು ದಿನ ಹಿಡಿಯುತ್ತದೆ, ಬೆಳಿಗ್ಗೆ ಮಾರಿದ ಮೀನು ಮಧ್ಯಾಹ್ನಕ್ಕೆ ಸಾರಾಗಿರುತ್ತದೆ. ಆದ್ದರಿಂದ ನಾನು ಕೇಳುತ್ತಿರುವುದು ಬುಟ್ಟಿ ತಡೆಯುವ ತಪಾಸಣೆಯನ್ನಲ್ಲ. ಬಳಚು ತೆಗೆಯುವ ಜಾಗಗಳು, ಬೈತಕೋಲ್ ಬಂದರಿನ ಮಂಜುಗಡ್ಡೆ, ಮೀನು ತೊಳೆಯುವ ನೀರು, ಇವುಗಳಿಂದ ವರ್ಷವಿಡೀ, ಅದರಲ್ಲೂ ಮೊದಲ ಮಳೆಗೆ ಚರಂಡಿಗಳು ನದಿಗೆ ಹರಿಯುವ ದಿನಗಳಲ್ಲಿ, ಮಾದರಿ ಸಂಗ್ರಹಿಸಬೇಕು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಅಗತ್ಯ ಉಪಕರಣ ಮತ್ತು ಸಿಬ್ಬಂದಿಗೆ ಅನುದಾನ ಕೊಟ್ಟು, ಜಿಲ್ಲೆಯ ಪರೀಕ್ಷಾ ಘಟಕವನ್ನು ಅಲ್ಲಿಯೇ ಆರಂಭಿಸಬಹುದು.

ದೋಷ ಕಂಡುಬಂದಲ್ಲಿ ಮಾರುವವರಿಗೆ ದಂಡ ಹಾಕದೆ, ಶುದ್ಧ ನೀರು, ಸಾಕಷ್ಟು ಮಂಜುಗಡ್ಡೆ ಮತ್ತು ಚರಂಡಿಯ ದುರಸ್ತಿಗೆ ಮೊದಲು ಹಣ ಒದಗಿಸಿ. ಫಲಿತಾಂಶವನ್ನು ಪ್ರತಿ ತಿಂಗಳು ಮೀನು ಪೇಟೆಯ ಫಲಕದಲ್ಲಿ ಕನ್ನಡದಲ್ಲಿ ಪ್ರಕಟಿಸಿ. ಚಿಪ್ಪು ಬಾಯಿಬಿಟ್ಟ ಮೇಲೂ ಬಳಚನ್ನು ಕೆಲವು ನಿಮಿಷ ಕುದಿಸಬೇಕೆಂಬ ಸೂಚನೆಯೂ ಅದರಲ್ಲಿರಲಿ. ಮುಂದಿನ ಮಳೆಗಾಲಕ್ಕೆ ಮುನ್ನವೇ ಈ ಕೆಲಸಕ್ಕೆ ಆದೇಶ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಕಾರವಾರದ ಒಬ್ಬ ನಾಗರಿಕ