ಟೆಸರಾಕ್ಟ್ ಬಿಲ್ಡ್ ಮಾಡಿಸಿಕೊಟ್ಟ ಸರ್‌ಗೆ ಧನ್ಯವಾದ

ಅಜ್ಜನ ಕಾಲದ ಕನ್ನಡ ಪುಸ್ತಕಗಳ ಸ್ಕ್ಯಾನ್‌ನಿಂದ ಅಕ್ಷರ ಹೊರತೆಗೆಯಲು ಟೆಸರಾಕ್ಟ್ ಎಂಬ ಸಾಫ್ಟ್‌ವೇರ್ ಬೇಕಿತ್ತು. ರೆಡಿ ಪ್ಯಾಕೇಜ್ ಹಳೆಯದಾಗಿತ್ತು. ಹಾಗಾಗಿ ಸೋರ್ಸ್‌ನಿಂದಲೇ (ಮೂಲ ಕೋಡ್‌ನಿಂದ) ಬಿಲ್ಡ್ ಮಾಡಿದೆ, ಅಂದರೆ ನಾನೇ ತಯಾರಿಸಿಕೊಂಡೆ. ಕೊನೆಯ ಹಂತವಾದ ಮೇಕ್ ಇನ್‌ಸ್ಟಾಲ್ ಕಮಾಂಡ್ ಸಲೀಸಾಗಿ ಮುಗಿಯಿತು, ಆದರೆ ಟಿಫ್ ಮಾದರಿಯ ಚಿತ್ರ ಕೊಟ್ಟರೆ ಅದು ಜಪ್ಪಯ್ಯ ಅಂದರೂ ಓದಲಿಲ್ಲ.

ಗೆಳೆಯನ ಮೂಲಕ ಫೋನಿನಲ್ಲಿ ಸಿಕ್ಕ ಸರ್ (ಹೆಸರು ಹಾಕಬೇಡಿ ಅಂದಿದ್ದಾರೆ) ಮೊದಲು ಹೇಳಿದ್ದು, ‘ವರ್ಷನ್ ಕಮಾಂಡ್ ಓಡಿಸಿ, ಲೆಪ್ಟೋನಿಕಾ ಸಾಲಿನ ಕೆಳಗೆ ಏನೇನಿದೆ ಓದಿ ಹೇಳಿ’ ಅಂತ. ಲೆಪ್ಟೋನಿಕಾ ಅಂದರೆ ಟೆಸರಾಕ್ಟ್‌ಗೆ ಚಿತ್ರ ಓದಿಕೊಡುವ ಲೈಬ್ರರಿ. ಪಿಎನ್‌ಜಿ ಇತ್ತು, ಜೆಪೆಗ್ ಇತ್ತು, ಟಿಫ್ ಇರಲಿಲ್ಲ. ಉಬುಂಟು ಲಿನಕ್ಸ್‌ನಲ್ಲಿ ಲಿಬ್‌ಟಿಫ್‌ನ (ಟಿಫ್ ಓದುವ ಲೈಬ್ರರಿ) ಡೆವ್ ಪ್ಯಾಕೇಜ್, ಅಂದರೆ ಬಿಲ್ಡ್‌ಗೆ ಬೇಕಾದ ಫೈಲುಗಳು, ಇಲ್ಲದಿದ್ದರೆ ಲೆಪ್ಟೋನಿಕಾ ಗಲಾಟೆ ಮಾಡುವುದಿಲ್ಲ. ಟಿಫ್ ಬಿಟ್ಟು ಸುಮ್ನೆ ಬಿಲ್ಡ್ ಆಗಿಬಿಡುತ್ತದೆ. ಎರರ್ ಕೊಟ್ಟಿದ್ದರೇ ವಾಸಿ ಅಲ್ವಾ? ಆ ಪ್ಯಾಕೇಜ್ ಹಾಕಿಸಿ, ಲೆಪ್ಟೋನಿಕಾವನ್ನು ಮತ್ತೆ ಬಿಲ್ಡ್ ಮಾಡಿಸಿದರು. ಕೊನೆಗೆ ಎಲ್‌ಡಿಕಾನ್ಫಿಗ್ ಕಮಾಂಡ್ ಓಡಿಸಲು ಹೇಳಿದರು. ಹೊಸ ಲೈಬ್ರರಿ ಎಲ್ಲಿದೆ ಅಂತ ಲಿನಕ್ಸ್‌ಗೆ ಗೊತ್ತಾಗುವುದೇ ಅದರಿಂದ.

ತಂಗಿಯ ಎಂ1 ಚಿಪ್‌ನ ಮ್ಯಾಕ್‌ಗೂ ಅವರೇ ದಾರಿ ತೋರಿಸಿದರು. ಅದರಲ್ಲಿ ಹೋಮ್‌ಬ್ರೂ (ಮ್ಯಾಕ್‌ಗೆ ಸಾಫ್ಟ್‌ವೇರ್ ಹಾಕಿಕೊಡುವ ಸಾಧನ) ಎಲ್ಲವನ್ನೂ ಆಪ್ಟ್ ಫೋಲ್ಡರಿನೊಳಗೆ ಇಡುತ್ತದೆ. ಇಂಟೆಲ್ ಮ್ಯಾಕ್‌ನಂತೆ ಯೂಸರ್ ಲೋಕಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ವಿಂಡೋಸ್‌ಗೆ? ‘ವಿಸಿಪಿಕೆಜಿ ಹಿಡಿಯಿರಿ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ’ ಅಂದರು, ಅಷ್ಟೇ. ಲೈಬ್ರರಿಗಳನ್ನು ತಂದು ಬಿಲ್ಡ್ ಮಾಡಿಕೊಡುವ ಸಾಧನ ಅದು.

ಕನ್ನಡದ ಡೇಟಾ ಫೈಲನ್ನು ಬೇರೆಯಾಗಿ ಇಳಿಸಿ ಹಾಕಬೇಕು ಅಂತ ನೆನಪಿಸಿದ್ದೂ ಅವರೇ. ಒತ್ತಕ್ಷರಗಳಲ್ಲಿ ಇನ್ನೂ ಎಡವಟ್ಟಾಗುತ್ತದೆ, ಅದು ಬೇರೆ ಕಥೆ. ಪುಟಗಳು ಓಡುತ್ತಿವೆ.

ಸರ್, ಊಟದ ಹೊತ್ತಿನಲ್ಲೂ ಫೋನ್ ಇಡದೆ ಕೂತಿದ್ದಿರಿ. ತುಂಬಾ ಥ್ಯಾಂಕ್ಸ್.