ಬ್ಯಾನ್ ಬಗ್ಗೆ ಆಮೇಲೆ ಮಾತಾಡೋಣ, ಮೊದ್ಲು ಸತ್ತೋರ ಹೆಸರು ಹೇಳಿ

ಸಂಪಾದಕರಿಗೆ ನಮಸ್ಕಾರ,

ಸಿನಿಮಾದಲ್ಲಿ ಹಿಂಸೆ ಬಗ್ಗೆ ನಿಮ್ಮ ಪತ್ರಿಕೆಲಿ ಮೊನ್ನೆ ಬಂದ ಲೇಖನ ಓದಿದೆ. ಅದ್ರಲ್ಲಿ ಆಲಿವರ್ ಸ್ಟೋನ್ ಅವರ 1994ರ 'ನ್ಯಾಚುರಲ್ ಬಾರ್ನ್ ಕಿಲ್ಲರ್ಸ್' ಹೆಸರು ಒಂದೇ ಸಾಲಲ್ಲಿ ಬಂದು ಹೋಗಿದೆ, ಜನಕ್ಕೆ ಕೊಲೆ ಕಲಿಸಿದ ಸಿನಿಮಾ, ಇಂಥದ್ದನ್ನೆಲ್ಲ ಬ್ಯಾನ್ ಮಾಡ್ಬೇಕು ಅನ್ನೋ ಅರ್ಥದಲ್ಲಿ. ಅಷ್ಟಕ್ಕೇ ಮುಗಿಸಿಬಿಟ್ರೆ ಆ ಸಿನಿಮಾಗೂ ಅನ್ಯಾಯ, ಅದರ ಹೆಸರಲ್ಲಿ ನೊಂದೋರಿಗೂ ಅನ್ಯಾಯ ಅನ್ನಿಸ್ತು, ಅದಕ್ಕೇ ಬರೀತಿದೀನಿ. ಪತ್ರ ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಹಾಕಿ.

ನೋಡದೇ ಇರೋರಿಗೆ ಕತೆ ಇಷ್ಟೇ. ಮಿಕ್ಕಿ, ಮ್ಯಾಲರಿ ಅಂತ ಪ್ರೇಮಿಗಳು. ಹುಡುಗಿಯ ಅಪ್ಪ ಅಮ್ಮನ್ನ ಕೊಂದು ಮನೆ ಬಿಟ್ಟು ಹೊರಡ್ತಾರೆ, ಆಮೇಲೆ ಅಮೆರಿಕಾದ ಮರುಭೂಮಿ ಸೀಮೆಯ ಹೈವೇಗಳಲ್ಲಿ ಸಿಕ್ಕ ಸಿಕ್ಕಲ್ಲಿ ಒಟ್ಟು 52 ಜನರನ್ನ ಕೊಲ್ತಾರೆ, ಹೋದಲ್ಲೆಲ್ಲ ಒಬ್ಬರನ್ನ ಮಾತ್ರ ಬೇಕಂತಲೇ ಜೀವಂತ ಬಿಡ್ತಾರೆ, ಇದನ್ನ ಮಾಡಿದ್ದು ನಾವೇ ಅಂತ ಹೊರಗೆ ಹೋಗಿ ಹೇಳ್ಲಿ ಅಂತ. ವೇನ್ ಗೇಲ್ ಅನ್ನೋ ಟಿವಿ ಆಂಕರ್ ಇವರ ಕತೆನ ತನ್ನ ಕ್ರೈಂ ಶೋದಲ್ಲಿ ಹಾಕಿ ಹಾಕಿ ಇಬ್ರನ್ನೂ ಸ್ಟಾರ್ ಮಾಡಿಬಿಡ್ತಾನೆ. ರಾಬರ್ಟ್ ಡೌನಿ ಜೂನಿಯರ್ ಮಾಡಿರೋ ಪಾತ್ರ ಅದು, ಇವತ್ತಿನ ಹುಡುಗರಿಗೆ ಐರನ್ ಮ್ಯಾನ್ ಅಂದ್ರೆ ಗೊತ್ತಾಗತ್ತೆ. ಕೋರ್ಟ್ ಮುಂದೆ ಅಭಿಮಾನಿಗಳು ಬೋರ್ಡ್ ಹಿಡ್ಕೊಂಡು ನಿಂತಿರ್ತಾರೆ, ಒಂದು ಬೋರ್ಡಲ್ಲಿ ನನ್ನನ್ನ ಕೊಲ್ಲು ಮಿಕ್ಕಿ ಅಂತಲೇ ಬರೆದಿರತ್ತೆ. ಜೈಲಿಂದ ಲೈವ್ ಇಂಟರ್‌ವ್ಯೂ ಮಾಡೋಕೆ ಆಂಕರ್ ಆರಿಸ್ಕೊಳೋದು ಸೂಪರ್ ಬೌಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಫೈನಲ್, ಆ ಮ್ಯಾಚ್ ಮುಗಿಯೋ ಹೊತ್ತನ್ನ, ಇಡೀ ದೇಶ ಟಿವಿ ಮುಂದೆ ಕೂತಿರೋ ಟೈಮ್ ಅದು. ಇಂಟರ್‌ವ್ಯೂ ನಡೀತಿರುವಾಗಲೇ ಜೈಲಲ್ಲಿ ದಂಗೆ ಏಳತ್ತೆ, ಮೈಕ್ ಹಿಡಿದಿದ್ದ ಆಂಕರ್ರೇ ಬಂದೂಕು ಹಿಡೀತಾನೆ. ಕೊನೆಗೆ ಅವ್ರಿಬ್ರು ಅವನನ್ನೂ ಕೊಲ್ಲೋಕೆ ಹೊರಟಾಗ, ನೀವು ಯಾವಾಗ್ಲೂ ಒಬ್ಬರನ್ನ ಉಳಿಸ್ತೀರಲ್ಲ, ನನ್ನ ಉಳಿಸಿ ಅಂತ ಬೇಡ್ಕೋತಾನೆ, ಅದಕ್ಕೆ ಅವರು, ಉಳಿಸ್ತಿದೀವಲ್ಲ, ನಿನ್ನ ಕ್ಯಾಮೆರಾನ, ಅಂತಾರೆ.

ಸಿನಿಮಾ ಯಾರ ಮೇಲೆ ಬೆರಳು ತೋರಿಸ್ತಿದೆ ಅಂತ ಇಲ್ಲೇ ಗೊತ್ತಾಗತ್ತೆ. ಆದ್ರೆ ನನಗೆ ಇದಕ್ಕಿಂತ ಜಾಸ್ತಿ ಕಾಡೋದು ಮ್ಯಾಲರಿ ಮನೆ ದೃಶ್ಯ. ಅದನ್ನ ಸ್ಟೋನ್ ಮಾಮೂಲಿ ಸಿನಿಮಾ ಥರ ತೆಗೆದೇ ಇಲ್ಲ, ಹಳೇ ಅಮೆರಿಕನ್ ಕಾಮಿಡಿ ಸೀರಿಯಲ್ ಥರ ಸೆಟ್ಟು, ಟೈಟಲ್ಲು, ಹಿಂದೆ ರೆಕಾರ್ಡ್ ಮಾಡಿದ ನಗು. ಅಪ್ಪ ಮಗಳ ಮೈ ಮುಟ್ಟತಾನೆ, ಹೊಲಸು ಮಾತಾಡ್ತಾನೆ, ಅಮ್ಮ ತಡೆಯಲ್ಲ, ಮಾತು ಮಾತಿಗೂ ಆ ಕಾಣದ ಜನ ಗೊಳ್ಳಂತ ನಗ್ತಾರೆ. ಅಪ್ಪನ ಪಾತ್ರಕ್ಕೆ ಹಾಕಿರೋದು ರಾಡ್ನಿ ಡೇಂಜರ್‌ಫೀಲ್ಡ್ ಅನ್ನೋ ಹಾಸ್ಯನಟನ್ನ, ಅಲ್ಲಿನ ಜನ ವರ್ಷಗಟ್ಟಲೆ ನಕ್ಕಿದ್ದ ಮುಖ ಅದು. ಒಂದು ಹೆಣ್ಣುಮಗು ನರಳ್ತಿರೋದನ್ನೂ ಟಿವಿ ಮನರಂಜನೆ ಮಾಡಿಬಿಡತ್ತೆ ಅನ್ನೋದನ್ನ ಇಷ್ಟು ನೇರವಾಗಿ ಹೇಳಿದ ಇನ್ನೊಂದು ದೃಶ್ಯ ನಾನು ನೋಡಿಲ್ಲ. ಕಲರ್ರು, ಬ್ಲ್ಯಾಕ್ ಅಂಡ್ ವೈಟು, ವಿಡಿಯೋ, ಮನೆಲಿ ಬಳಸೋ ಸಣ್ಣ ಕ್ಯಾಮೆರಾದ ಸೂಪರ್ 8 ಫಿಲ್ಮು, ಕಾರ್ಟೂನು ಎಲ್ಲ ಕಲಸಿ ಸುಮಾರು 3000 ಕಟ್ ಇಟ್ಟಿದಾರೆ, ರಿಮೋಟ್ ಒತ್ತತಾ ಚಾನೆಲ್ ಬದಲಾಯಿಸ್ತಾ ಕೂತಂಗೇ ಆಗತ್ತೆ, ತಲೆ ನೋವು ಬರತ್ತೆ, ಅದು ಬರ್ಲಿ ಅಂತಲೇ ಹಂಗೆ ಮಾಡಿರೋದು.

ಬಂದ ಕಾಲನೂ ನೋಡಿ. 1994 ಜೂನ್ 17ಕ್ಕೆ, ಮಾಜಿ ಹೆಂಡತಿ ಕೊಲೆ ಆರೋಪ ಹೊತ್ತಿದ್ದ ಹೆಸರಾಂತ ಫುಟ್‌ಬಾಲ್ ಆಟಗಾರ ಒ.ಜೆ. ಸಿಂಪ್ಸನ್ ಬಿಳಿ ಕಾರಲ್ಲಿ ಹೋಗ್ತಿದ್ರೆ ಹಿಂದೆ ಪೊಲೀಸು, ಮೇಲೆ ಟಿವಿಯವರ ಹೆಲಿಕಾಪ್ಟರು, ಕೋಟಿಗಟ್ಟಲೆ ಜನ ಲೈವ್ ನೋಡಿದ್ರು, ಒಂದು ಚಾನೆಲ್ಲಂತೂ ಬ್ಯಾಸ್ಕೆಟ್‌ಬಾಲ್ ಫೈನಲ್ಲನ್ನ ಮೂಲೆಗೆ ತಳ್ಳಿ ಅದನ್ನೇ ತೋರಿಸ್ತು. ಅದಾಗಿ ಎರಡು ತಿಂಗಳಿಗೆ, ಆಗಸ್ಟ್ ಕೊನೆಗೆ ಈ ಸಿನಿಮಾ ರಿಲೀಸ್. ಕೊನೆಲಿ ಸಿಂಪ್ಸನ್, ಅಪ್ಪ ಅಮ್ಮನ್ನ ಕೊಂದ ಮೆನೆಂಡೆಜ್ ಸೋದರರು, ಟೆಕ್ಸಾಸ್‌ನ ವೇಕೋದಲ್ಲಿ ಪೊಲೀಸರು ಮುತ್ತಿದ್ದ ಒಂದು ಪಂಥದ ನೆಲೆಗೆ ಬಿದ್ದ ಬೆಂಕಿ ಇವೆಲ್ಲದರ ನಿಜವಾದ ಟಿವಿ ತುಣುಕುಗಳೇ ಬರ್ತವೆ.

ಈಗ ಇದರಿಂದ ಆದ ನೋವಿನ ವಿಷಯ. 1995ರ ಮಾರ್ಚಲ್ಲಿ ಈ ಸಿನಿಮಾ ನೋಡಿದ್ದ ಒಬ್ಬ ಹುಡುಗ, ಒಬ್ಬ ಹುಡುಗಿ ಮಿಸಿಸಿಪ್ಪಿಲಿ ಒಬ್ಬರನ್ನ ಕೊಂದ್ರು, ಲೂಸಿಯಾನಾದಲ್ಲಿ ಅಂಗಡಿಲಿ ಕೆಲಸ ಮಾಡ್ತಿದ್ದ ಹೆಂಗಸಿಗೆ ಗುಂಡು ಹೊಡೆದ್ರು, ಆಕೆ ಪಾರ್ಶ್ವವಾಯು ಆಗಿ ಮಲಗಿದ್ರು. ಮಿಸಿಸಿಪ್ಪಿಲಿ ಸತ್ತವರು ಕಾದಂಬರಿಕಾರ ಜಾನ್ ಗ್ರಿಶಮ್‌ಗೆ ಪರಿಚಯದೋರು. ಅವರು 1996ರಲ್ಲಿ ಸಿಟ್ಟಲ್ಲಿ ಒಂದು ಲೇಖನ ಬರೆದ್ರು, ಕೆಟ್ಟ ಮಾಲು ತಯಾರಿಸಿ ಮಾರಿದ ಕಂಪನಿ ಪರಿಹಾರ ಕೊಡಬೇಕು ಅಂತ ಕಾನೂನಿದ್ರೆ ಸಿನಿಮಾನೂ ಒಂದು ಮಾಲು ತಾನೇ, ಸ್ಟೋನ್ ಕೊಡ್ಲಿ ಅಂತ. ಸಿನಿಮಾ ನನ್ನ ಕೈಲಿ ಮಾಡಿಸ್ತು ಅಂತ ಕೊಲೆಗಾರರಿಗೆ ನೆಪ ಸಿಕ್ಕಂಗಾಗತ್ತೆ ಅನ್ನೋದು ಸ್ಟೋನ್ ಉತ್ತರ. ಗಾಯಗೊಂಡ ಹೆಂಗಸು ಹಾಕಿದ ಕೇಸ್ ವರ್ಷಗಟ್ಟಲೆ ನಡೀತು, ಆಕೆ ಮಧ್ಯದಲ್ಲೇ ಕ್ಯಾನ್ಸರಿಂದ ತೀರಿಹೋದ್ರು, ಪ್ರಚೋದಿಸೋ ಉದ್ದೇಶ ಇತ್ತು ಅನ್ನೋಕೆ ಸಾಕ್ಷಿ ಇಲ್ಲ ಅಂತ 2001ರಲ್ಲಿ ಕೋರ್ಟು ಕೇಸ್ ವಜಾ ಮಾಡ್ತು. ಐರ್ಲೆಂಡಲ್ಲಿ ಸಿನಿಮಾ ಬ್ಯಾನೇ ಆಯ್ತು. ಬ್ರಿಟನ್ನಲ್ಲಿ ಸೆನ್ಸಾರಿನೋರು ರಿಲೀಸ್ ತಡೆದು, ಕೊಲೆಗಳಿಗೂ ಸಿನಿಮಾಗೂ ಸಂಬಂಧ ಇದೆಯಾ ಅಂತ ವಿಚಾರಿಸಿ, ಆಮೇಲೆ ವಯಸ್ಕರಿಗೆ ಅಂತ ಪಾಸ್ ಮಾಡಿದ್ರು. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಲಿ 16 ಮಕ್ಕಳು, ಒಬ್ಬ ಟೀಚರ್ ಗುಂಡಿಗೆ ಬಲಿಯಾದ ಮೇಲೆ ವಿಡಿಯೋ ರಿಲೀಸ್ ನಿಂತು, 2001ರಲ್ಲಿ ಬಂತು.

ಕೋರ್ಟ್ ತೀರ್ಪು ಸರಿ ಅಂತಲೇ ನಾನು ನಂಬೋದು. ಕೊಲೆಗೆ ಹೊಣೆ ಕೊಂದೋರೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಗ್ರಿಶಮ್ ಸಿಟ್ಟನ್ನ ತಳ್ಳಿಹಾಕೋಕೆ ನನ್ನಿಂದ ಆಗಲ್ಲ, ಯಾಕಂದ್ರೆ ಅವರು ತನಗೆ ಗೊತ್ತಿದ್ದ ಒಬ್ಬ ಮನುಷ್ಯನ ಪರ ಬರೆದ್ರು, ಅವರಿಗೊಂದು ಹೆಸರು, ಕೆಲಸ, ಮನೆ ಮಂದಿ ಇದ್ರು ಅಂತ ನೆನಪು ಮಾಡಿದ್ರು. ಸ್ಟೋನ್ ಸಿನಿಮಾಲಿ ಇಲ್ಲದೇ ಇರೋದೂ ಇದೇ. ಆ 52 ಜನ ಯಾರು? ಹೋಟ್ಲಲ್ಲಿ ತಿಂಡಿ ಕೊಡ್ತಿದ್ದ ಹೆಂಗಸು ಯಾರು, ಅವಳ ಮನೇಲಿ ಯಾರು ಕಾಯ್ತಿದ್ರು? ಒಂದು ಮಾತಿಲ್ಲ. ಒಬ್ಬರ ಸಾವು ಮಾತ್ರ ಭಾರವಾಗಿ ಬರತ್ತೆ, ಇವರಿಗೆ ಆಶ್ರಯ ಕೊಟ್ಟ ನವಾಹೋ ಬುಡಕಟ್ಟಿನ ಮುದುಕನದ್ದು. ಅಲ್ಲಿನ ಮೂಲನಿವಾಸಿಗಳ ಹೋರಾಟದ ನಾಯಕ ರಸೆಲ್ ಮೀನ್ಸ್ ಅವರೇ ಆ ಪಾತ್ರ ಮಾಡಿದಾರೆ, ಅವನು ಸತ್ತಾಗ ಕೊಲೆಗಾರರಿಗೇ ಪಶ್ಚಾತ್ತಾಪ ಆಗತ್ತೆ. ಮಿಕ್ಕಿದೋರೆಲ್ಲ ಲೆಕ್ಕಕ್ಕೆ ಅಷ್ಟೇ. ಒಳ್ಳೊಳ್ಳೆ ಡೈಲಾಗು, ಹಾಡು, ಮದುವೆ, ಚಂದದ ಬೆಳಕು ಎಲ್ಲ ಕೊಂದೋರಿಗೆ. ಟಿವಿ ಮಾಡೋ ತಪ್ಪನ್ನ ಹಿಡಿಯೋಕೆ ಹೋದ ಸಿನಿಮಾನೂ ಅದೇ ತಪ್ಪು ಮಾಡ್ತು, ನನ್ನ ತಕರಾರು ಇದೊಂದೇ, ಆದ್ರೆ ಸಣ್ಣ ತಕರಾರಲ್ಲ. ರಕ್ತ ಎಷ್ಟು ಚೆಲ್ತು ಅಂತ ಸೆನ್ಸಾರಿನೋರು ನೋಡ್ತಾರೆ, ಅಮೆರಿಕಾದಲ್ಲೂ ಆರ್ ಸರ್ಟಿಫಿಕೇಟ್‌ಗಾಗಿ (17ರೊಳಗಿನೋರು ದೊಡ್ಡೋರ ಜೊತೆ ಮಾತ್ರ ನೋಡಬಹುದು ಅನ್ನೋದು) ಸುಮಾರು ನಾಲ್ಕು ನಿಮಿಷ ಕತ್ತರಿಸಿದ್ರು, ಆದ್ರೆ ಸತ್ತೋರಿಗೆ ಮುಖ ಕೊಡಿ ಅಂತ ಯಾವ ಸೆನ್ಸಾರೂ ಹೇಳಲ್ಲ.

ಇದು ನಮಗ್ಯಾಕೆ ಅಂತ ಕೇಳಬಹುದು. 2008ರ ಮುಂಬೈ ದಾಳಿನ ಚಾನೆಲ್‌ಗಳು ಲೈವ್ ತೋರಿಸಿದ್ದಕ್ಕೆ 2012ರಲ್ಲಿ ಸುಪ್ರೀಂ ಕೋರ್ಟೇ ಛೀಮಾರಿ ಹಾಕ್ತು, ಮಾಧ್ಯಮ ವಿಚಾರಣೆ ನಡೆಸ್ಬೇಡಿ ಅಂತ ಬಾಂಬೆ ಹೈಕೋರ್ಟು 2021ರಲ್ಲಿ ಹೇಳ್ತು. ಆದ್ರೂ ನಮ್ ಕನ್ನಡದ ಚಾನೆಲ್‌ಗಳಲ್ಲಿ ಒಂದು ಕೊಲೆ ಆದ್ರೆ ಏನಾಗತ್ತೆ, ಗ್ರಾಫಿಕ್ಸು, ಡಬ್ಬಾ ಮ್ಯೂಸಿಕ್ಕು, ಆರೋಪಿ ಜೈಲಲ್ಲಿ ಬೆಳಿಗ್ಗೆ ಏನು ತಿಂದ, ರಾತ್ರಿ ನಿದ್ದೆ ಬಂತಾ ಇಲ್ವಾ, ಇಡೀ ದಿನ ಇದೇ. 2024ರಲ್ಲಿ ಕೊಲೆ ಕೇಸಲ್ಲಿ ಒಳಗೆ ಹೋದ ನಟರೊಬ್ಬರ ಕೈದಿ ನಂಬರನ್ನ ಜನ ಗಾಡಿ ಮೇಲೆ ಬರೆಸ್ಕೊಂಡ್ರು, ಹಚ್ಚೆ ಹಾಕಿಸ್ಕೊಂಡ್ರು. ಕೇಸಿನ ಬಗ್ಗೆ ನಾನೇನೂ ಹೇಳಲ್ಲ, ಅದು ಕೋರ್ಟು ತೀರ್ಮಾನ ಮಾಡ್ಲಿ. ಆದ್ರೆ ಆ ನಂಬರ್ ಊರೂರಿಗೆ ತಲುಪಿಸಿದ್ದು ಯಾರು? ಸತ್ತ ಹುಡುಗನ ಮನೆಯೋರ ಬಗ್ಗೆ ಆ ದಿನಗಳಲ್ಲಿ ಎಷ್ಟು ನಿಮಿಷ ಮಾತಾಡಿದ್ರು? ಸ್ಟೋನ್ ಸಿನಿಮಾದ ಆ ಬೋರ್ಡ್ ಹಿಡಿದ ಅಭಿಮಾನಿಗಳ ದೃಶ್ಯ ನೋಡಿದಾಗ ಇದು ಉತ್ಪ್ರೇಕ್ಷೆ ಅಂತ ಅನ್ಸಿತ್ತು ನನಗೆ, ಈಗ ಅನ್ಸಲ್ಲ.

ಹಾಗಾಗಿ ಬ್ಯಾನ್ ಬೇಡಿಕೆಗಿಂತ ನಿಮ್ಮಿಂದಲೇ ಆಗೋ ಒಂದು ಕೆಲಸ ಕೇಳ್ತೀನಿ. ನಿಮ್ಮ ಕ್ರೈಂ ಪುಟದಲ್ಲಿ ಕೊಲೆ ಸುದ್ದಿ ಬಂದಾಗ, ಮನೆಯೋರು ಒಪ್ಪಿದ್ರೆ, ಮೊದಲ ಪ್ಯಾರಾದಲ್ಲಿ ಸತ್ತವರು ಯಾರು, ಏನ್ ಕೆಲಸ ಮಾಡ್ತಿದ್ರು, ಅವರನ್ನ ನಂಬಿಕೊಂಡಿದ್ದೋರು ಯಾರು ಅಂತ ಬರೀರಿ, ಆರೋಪಿ ಫೋಟೋ ಒಳಗೆ ಸಣ್ಣದಾಗಿ ಇರ್ಲಿ. ಅತ್ಯಾಚಾರದ ಕೇಸಲ್ಲಿ ಸಂತ್ರಸ್ತೆ ಹೆಸರು ಹಾಕೋ ಹಂಗಿಲ್ಲ, ಕಾನೂನಿದೆ, ಅದು ಗೊತ್ತು, ಅಲ್ಲಿ ಹಾಕ್ಬೇಡಿ. ಹಾಗೇ ಕೇಸು ಕೋರ್ಟಿಗೆ ಹೋದ್ಮೇಲೆ ಸುದ್ದಿ ಕೈಬಿಡಬೇಡಿ, ತೀರ್ಪು ಬರೋವರೆಗೂ ಆ ಮನೆಯೋರ ಹತ್ರ ಹೋಗ್ತಾ ಇರಿ. ಒಂದೆರಡು ತಿಂಗಳು ಹೀಗೆ ಮಾಡಿ, ಓದುಗರು ಏನಂತಾರೆ ಅಂತ ಇದೇ ಅಂಕಣದಲ್ಲಿ ಹಾಕಿ.

ಇಂತಿ,
ನಿಮ್ಮ ಓದುಗ, ದಾವಣಗೆರೆ