ಹಾರಿದ ಹಿಂಡಿನ ಚಿತ್ರ ಮತ್ತು ಉಬ್ಬರದ ವೇಳೆ

ಮಾನ್ಯ ಸಂಪಾದಕರೇ,

ಉಷ್ಣವಲಯದ ಅಳಿವೆ ಹಾಗೂ ಕಾಂಡ್ಲಾವನಗಳಲ್ಲಿ ಹಕ್ಕಿ ವೀಕ್ಷಣೆ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರಲ್ಲಿದ್ದ 'ನಸುಕಿನಲ್ಲೇ ಹೊರಡಿ' ಎಂಬ ಸಲಹೆಯ ಬಗ್ಗೆಯೂ, ನೂರಾರು ಹಕ್ಕಿಗಳು ಒಮ್ಮೆಲೇ ಮೇಲೆದ್ದ ಚಿತ್ರದ ಬಗ್ಗೆಯೂ ನನ್ನ ಆಕ್ಷೇಪವಿದೆ.

ಕಾಡಿನ ಹಕ್ಕಿಗಳನ್ನು ನೋಡಲು ಸೂರ್ಯೋದಯ ಸರಿಯಾದ ಹೊತ್ತು. ಆದರೆ ಕಡಲಂಚಿನ ಕೆಸರಿನಲ್ಲಿ ಮೇಯುವ ಪ್ಲೋವರ್, ಸ್ಯಾಂಡ್‌ಪೈಪರ್, ಕರ್ಲ್ಯೂಗಳ ದಿನಚರಿಯನ್ನು ನಡೆಸುವುದು ಉಬ್ಬರವಿಳಿತ. ನೀರು ಇಳಿದಾಗ ಅವು ಹಗಲಿರುಳೆನ್ನದೆ ಮೇಯುತ್ತವೆ. ನೀರೇರಿ ಮೇವು ಮುಚ್ಚಿಹೋದಾಗ ಒಣ ದಿಬ್ಬವೊಂದರ ಮೇಲೆ ಒತ್ತೊತ್ತಾಗಿ ನಿಂತು ಮುಂದಿನ ಇಳಿತಕ್ಕೆ ಕಾಯುತ್ತವೆ. ಉಬ್ಬರವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಈ ದಿನ ಬೆಳಿಗ್ಗೆ ದಡದ ಹತ್ತಿರ ಕಂಡ ಹಿಂಡು ವಾರದ ನಂತರ ಅದೇ ಹೊತ್ತಿಗೆ ದುರ್ಬೀನಿಗೂ ಎಟುಕದಷ್ಟು ದೂರದಲ್ಲಿರಬಹುದು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಂತೂ ಉಬ್ಬರಕ್ಕೂ ಇಳಿತಕ್ಕೂ ನಡುವಿನ ನೀರಿನ ಮಟ್ಟದ ವ್ಯತ್ಯಾಸ ಇನ್ನೂ ಹೆಚ್ಚು.

ಇನ್ನು ಚಿತ್ರದ ವಿಷಯ. ಹಿಂಡು ಹಾಗೆ ಎದ್ದದ್ದು ಗಿಡುಗಕ್ಕೆ ಹೆದರಿಯೂ ಇರಬಹುದು, ಆದರೆ ಬಹಳಷ್ಟು ಸಲ ಅದನ್ನು ಎಬ್ಬಿಸುವುದು ಕ್ಯಾಮೆರಾ ಹಿಡಿದು ಮುಂದೆ ನಡೆದವರು. ಹೊಸತರಲ್ಲಿ ನಾನೂ ಆ ತಪ್ಪು ಮಾಡಿದ್ದೇನೆ: ಒಂಟಿಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಗರಿಯೊಳಗೆ ತೂರಿಸಿದ್ದ ಸ್ಯಾಂಡ್‌ಪೈಪರೊಂದು ಒಂದೇ ಕಣ್ಣು ತೆರೆದು ನನ್ನನ್ನು ನೋಡಿತು, ನಾನು ಇನ್ನೆರಡು ಹೆಜ್ಜೆ ಇಟ್ಟೆ, ದಿಬ್ಬ ಬರಿದಾಯಿತು. ಈ ವಲಸೆ ಹಕ್ಕಿಗಳಿಗೆ ಮೈಗೂಡಿಸಿಕೊಂಡ ಕೊಬ್ಬೇ ವಲಸೆಯ ಬುತ್ತಿ. 2022ರ ಅಕ್ಟೋಬರ್‌ನಲ್ಲಿ ಇದೇ ಬಗೆಯ ಕಡಲಂಚಿನ ಹಕ್ಕಿಯಾದ ಎಳೆಯ ಗಾಡ್‌ವಿಟ್ ಒಂದು ಅಲಾಸ್ಕದಿಂದ ಆಸ್ಟ್ರೇಲಿಯದ ಟಾಸ್ಮೇನಿಯಕ್ಕೆ ಸುಮಾರು 13,560 ಕಿಲೋಮೀಟರ್ ದೂರವನ್ನು 11 ದಿನಗಳಲ್ಲಿ ಎಲ್ಲೂ ಇಳಿಯದೆ ಕ್ರಮಿಸಿತ್ತು. ಅಂಥ ಪಯಣಕ್ಕೆ ಕೂಡಿಟ್ಟದ್ದನ್ನು ನಮ್ಮ ಒಂದು ಚಿತ್ರಕ್ಕಾಗಿ ಖರ್ಚು ಮಾಡಿಸುವುದು ಯಾವ ನ್ಯಾಯ?

ಉಬ್ಬರ ತುಂಬುವುದಕ್ಕೆ ಎರಡು ಗಂಟೆ ಮುಂಚೆಯೇ ಹೋಗಿ ಒಂದು ಮರೆಯಲ್ಲಿ ಅಲುಗಾಡದೆ ಕುಳಿತರೆ, ಏರುವ ನೀರೇ ಹಕ್ಕಿಗಳನ್ನು ನಮ್ಮತ್ತ ತಳ್ಳಿಕೊಂಡು ಬರುತ್ತದೆ. ಪ್ಲೋವರ್ ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ಕೆಸರಿನಿಂದ ಹುಳುವನ್ನು ತುಂಡಾಗದಂತೆ ಮೆಲ್ಲಗೆ ಎಳೆಯುವುದನ್ನು ಹಾಗೆ ಕುಳಿತವರಷ್ಟೇ ಕಂಡಾರು.

ತಮ್ಮ ಪತ್ರಿಕೆ ಪ್ರತಿದಿನ ಸೂರ್ಯೋದಯ, ಸೂರ್ಯಾಸ್ತದ ವೇಳೆಯನ್ನು ಮುದ್ರಿಸುತ್ತದೆ. ಅದರ ಕೆಳಗೆ ಉಬ್ಬರವಿಳಿತದ ವೇಳೆಗೂ ಒಂದು ಸಾಲು ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ